ಸಾಗರತಳವಾಸಿ ಫೊರಾಮಿನಿಫೆರಾ

ಸಾಗರತಳವಾಸಿ ಫೊರಾಮಿನಿಫೆರಾ ಎಂಬುದು ಸಮುದ್ರತಳದ ಮೇಲೆ, ತಳದ ಕೆಸರಿನೊಳಗೆ ಅಥವಾ ಅಲ್ಲಿನ ಕಲ್ಲು, ಪಾಚಿ ಮತ್ತು ಸಮುದ್ರಹುಲ್ಲುಗಳಿಗೆ ಅಂಟಿಕೊಂಡು ಬದುಕುವ ಏಕಕೋಶ ಜೀವಿಗಳ ಗುಂಪು. ಫೊರಾಮಿನಿಫೆರಾಗಳಲ್ಲಿ ಹಲವು ಸಾವಿರ ಜೀವಂತ ಪ್ರಭೇದಗಳಿದ್ದು, ಅವುಗಳಲ್ಲಿ ಸುಮಾರು 50 ಮಾತ್ರ ನೀರಿನಲ್ಲಿ ತೇಲುವ ಪ್ಲವಕಗಳಾಗಿವೆ. ಉಳಿದವೆಲ್ಲವೂ ಬಹುಮಟ್ಟಿಗೆ ತಳವಾಸಿಗಳು. ಹೆಚ್ಚಿನವುಗಳ ಗಾತ್ರ 1 ಮಿಲಿಮೀಟರಿಗಿಂತ ಕಡಿಮೆ. ಒಂದೇ ಜೀವಕೋಶವು ತನ್ನ ಸುತ್ತ ಒಂದು ಅಥವಾ ಹಲವು ಕೋಣೆಗಳುಳ್ಳ ಚಿಪ್ಪನ್ನು ಕಟ್ಟಿಕೊಳ್ಳುತ್ತದೆ. ಜೀವಿ ಸತ್ತ ಮೇಲೂ ಈ ಚಿಪ್ಪು ಕೆಸರಿನಲ್ಲಿ ಉಳಿಯುವುದರಿಂದ ಭೂವಿಜ್ಞಾನದಲ್ಲಿ ಅತಿ ಹೆಚ್ಚು ಬಳಕೆಯಾಗುವ ಸೂಕ್ಷ್ಮ ಪಳೆಯುಳಿಕೆಗಳಲ್ಲಿ ಇವು ಸೇರಿವೆ.

ಇವುಗಳ ವರ್ಗೀಕರಣವು ಬಹುಪಾಲು ಚಿಪ್ಪಿನ ಲಕ್ಷಣಗಳನ್ನೇ ಅವಲಂಬಿಸಿದೆ. ಭಿತ್ತಿ ಯಾವ ವಸ್ತುವಿನಿಂದಾಗಿದೆ, ಕೋಣೆಗಳು ಯಾವ ಕ್ರಮದಲ್ಲಿ ಜೋಡಣೆಯಾಗಿವೆ, ದ್ವಾರ ಎಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಹೆಚ್ಚಿನ ಮಾದರಿಗಳನ್ನು ಕುಲದ ಮಟ್ಟದವರೆಗೆ ಗುರುತಿಸಬಹುದು. ಕರ್ನಾಟಕದಲ್ಲಿ ಇವು ಕರಾವಳಿಯ ಕಡಲತಳದಲ್ಲಿಯೂ ಅಳಿವೆಗಳಲ್ಲಿಯೂ ಕಂಡುಬರುತ್ತವೆ. ಕಾರವಾರದ ಎದುರಿನ ಕಡಲತಳದ ಚಿಪ್ಪುಗಳನ್ನು ಹಿಂದಿನ ಶತಮಾನಗಳ ಮುಂಗಾರು ಮಳೆಯ ಅಧ್ಯಯನಕ್ಕೆ ಬಳಸಲಾಗಿದೆ.

## ಹೆಸರು ಮತ್ತು ಅಧ್ಯಯನದ ಇತಿಹಾಸ

ಲ್ಯಾಟಿನ್ ಭಾಷೆಯಲ್ಲಿ 'ಫೊರಾಮೆನ್' ಎಂದರೆ ರಂಧ್ರ, 'ಫೆರ್ರೆ' ಎಂದರೆ ಹೊರುವುದು. ಹೀಗೆ ಫೊರಾಮಿನಿಫೆರಾ ಎಂಬ ಪದಕ್ಕೆ 'ರಂಧ್ರಧಾರಿಗಳು' ಎಂಬ ಅರ್ಥ ಬರುತ್ತದೆ. ಒಂದು ಕೋಣೆಯಿಂದ ಮುಂದಿನ ಕೋಣೆಗೆ ದಾರಿಮಾಡುವ ರಂಧ್ರವನ್ನು ಈ ಹೆಸರು ಸೂಚಿಸುತ್ತದೆ.

ಈ ಜೀವಿಗಳ ದೊಡ್ಡ ಪಳೆಯುಳಿಕೆಗಳು ಪ್ರಾಚೀನ ಕಾಲದಿಂದಲೂ ಜನರ ಗಮನ ಸೆಳೆದಿವೆ. ಈಜಿಪ್ಟಿನ ಗೀಜಾ ಪಿರಮಿಡ್ಡುಗಳನ್ನು ಕಟ್ಟಿದ ಸುಣ್ಣಕಲ್ಲಿನಲ್ಲಿ ನಾಣ್ಯದಾಕಾರದ ನುಮ್ಮುಲೈಟಿಸ್ ಚಿಪ್ಪುಗಳು ತುಂಬಿವೆ. ಪಿರಮಿಡ್ ಕಟ್ಟಿದ ಕೆಲಸಗಾರರು ಉಂಡು ಉಳಿದ ಬೇಳೆಯೇ ಕಲ್ಲಾಗಿದೆ ಎಂಬ ಸ್ಥಳೀಯ ನಂಬಿಕೆಯನ್ನು ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ದಾಖಲಿಸಿದ್ದಾನೆ.

ಇಟಲಿಯ ಜಾಕೊಪೊ ಬಾರ್ತೊಲೊಮಿಯೊ ಬೆಕ್ಕಾರಿ 1731ರಲ್ಲಿ ಬೊಲೊನ್ಯಾ ಬಳಿಯ ಮರಳಿನಿಂದ ಇಂತಹ ಸಣ್ಣ ಚಿಪ್ಪುಗಳನ್ನು ವಿವರಿಸಿದನು. 1758ರಲ್ಲಿ ಲಿನೇಯಸ್ ಅವುಗಳಲ್ಲಿ ಒಂದಕ್ಕೆ 'ನಾಟಿಲಸ್ ಬೆಕ್ಕಾರಿ' ಎಂದು ಹೆಸರಿಟ್ಟನು. ಸುರುಳಿಯಾಕಾರದ ಚಿಪ್ಪನ್ನು ಕಂಡು ಅದನ್ನು ನಾಟಿಲಸ್ ಎಂಬ ಮೃದ್ವಂಗಿಯ ಸಂಬಂಧಿಯೆಂದು ಅವನು ಭಾವಿಸಿದ್ದನು. ಇಂದು ಅದೇ ಪ್ರಭೇದವನ್ನು ಅಮೋನಿಯಾ ಬೆಕ್ಕಾರಿ ಎಂದು ಕರೆಯುತ್ತಾರೆ. 1826ರಲ್ಲಿ ಫ್ರಾನ್ಸಿನ ಆಲ್ಸಿಡ್ ಡೋರ್ಬಿನ್ಯಿ ಈ ಗುಂಪಿಗೆ ಈಗಿನ ಹೆಸರನ್ನು ಕೊಟ್ಟನಾದರೂ, ಅವನೂ ಇವುಗಳನ್ನು ಆಕ್ಟೋಪಸ್ ಮತ್ತು ನಾಟಿಲಸ್‌ಗಳ ವರ್ಗದಲ್ಲಿಯೇ ಇರಿಸಿದನು. ಇವು ಮೃದ್ವಂಗಿಗಳಲ್ಲ, ಸರಳ ಏಕಕೋಶ ಜೀವಿಗಳು ಎಂಬುದನ್ನು 1835ರಲ್ಲಿ ಫೆಲಿಕ್ಸ್ ದುಜಾರ್ದಿನ್ ತೋರಿಸಿಕೊಟ್ಟನು.

1872ರಿಂದ 1876ರವರೆಗೆ ನಡೆದ ಚಾಲೆಂಜರ್ ಹಡಗಿನ ಯಾತ್ರೆಯಲ್ಲಿ ಸಂಗ್ರಹಿಸಿದ ಮಾದರಿಗಳನ್ನು ಎಚ್. ಬಿ. ಬ್ರೇಡಿ 1884ರ ತನ್ನ ವರದಿಯಲ್ಲಿ ಚಿತ್ರಸಹಿತ ವಿವರಿಸಿದನು. ಆ ಚಿತ್ರಗಳನ್ನು ಪ್ರಭೇದಗಳ ಗುರುತಿಗಾಗಿ ಇಂದಿಗೂ ನೋಡುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ತೈಲಾನ್ವೇಷಣೆ ಬೆಳೆದಂತೆ ಈ ಅಧ್ಯಯನವೂ ವಿಸ್ತಾರಗೊಂಡಿತು. ಆಲ್ಫ್ರೆಡ್ ಲೋಬ್ಲಿಕ್ ಮತ್ತು ಹೆಲೆನ್ ಟಾಪನ್ ದಂಪತಿಗಳು 1964 ಹಾಗೂ 1987ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥಗಳು ವರ್ಗೀಕರಣದ ಆಧಾರಗ್ರಂಥಗಳಾದವು.

## ಜೀವಕೋಶ ಮತ್ತು ಜೀವನಕ್ರಮ

ಫೊರಾಮಿನಿಫೆರಾಗಳು ರೈಝೇರಿಯಾ ಎಂಬ ದೊಡ್ಡ ಗುಂಪಿಗೆ ಸೇರುತ್ತವೆ. ಇವುಗಳ ಕೋಶರಸವು ದ್ವಾರದ ಮೂಲಕ ಹೊರಚಾಚಿ, ತೆಳುವಾದ ಎಳೆಗಳಾಗಿ ಕವಲೊಡೆದು ಮತ್ತೆ ಒಂದಕ್ಕೊಂದು ಬೆಸೆದು ಬಲೆಯಂತೆ ಹರಡುತ್ತದೆ. ಈ ಎಳೆಗಳನ್ನು ಮಿಥ್ಯಾಪಾದಗಳೆನ್ನುತ್ತಾರೆ. ಎಳೆಗಳೊಳಗೆ ಸೂಕ್ಷ್ಮ ಕಣಗಳು ಎರಡೂ ದಿಕ್ಕಿಗೆ ಹರಿದಾಡುತ್ತಿರುತ್ತವೆ. ಚಲನೆ, ಆಹಾರ ಸಂಗ್ರಹ, ಅಂಟಿಕೊಳ್ಳುವಿಕೆ ಹಾಗೂ ಹೊಸ ಕೋಣೆಯ ನಿರ್ಮಾಣ ಇವೆಲ್ಲವೂ ಮಿಥ್ಯಾಪಾದಗಳಿಂದಲೇ ನಡೆಯುತ್ತವೆ. ಬ್ಯಾಕ್ಟೀರಿಯಾ, ಡಯಾಟಮ್‌ಗಳು, ಕೊಳೆತ ಜೈವಿಕ ಪದಾರ್ಥ ಮತ್ತು ಸಣ್ಣ ಪ್ರಾಣಿಗಳು ಇವುಗಳ ಆಹಾರ. ಆಳವಿಲ್ಲದ ಬೆಚ್ಚನೆಯ ಸಮುದ್ರಗಳ ಕೆಲವು ಪ್ರಭೇದಗಳು ತಮ್ಮೊಳಗೆ ಶೈವಲಗಳನ್ನು ಇಟ್ಟುಕೊಂಡು ಅವುಗಳೊಂದಿಗೆ ಸಹಜೀವನ ನಡೆಸುತ್ತವೆ. ಉದಾಹರಣೆಗೆ, ಆಂಫಿಸ್ಟೆಜಿನಾದಲ್ಲಿ ಡಯಾಟಮ್‌ಗಳು ಸಹಜೀವಿಗಳಾಗಿರುತ್ತವೆ.

ಇವುಗಳ ಜೀವನಚಕ್ರದಲ್ಲಿ ಸಾಮಾನ್ಯವಾಗಿ ಲೈಂಗಿಕ ಮತ್ತು ಅಲೈಂಗಿಕ ಪೀಳಿಗೆಗಳು ಒಂದಾದ ಮೇಲೊಂದರಂತೆ ಬರುತ್ತವೆ. ಈ ಪರ್ಯಾಯದ ಗುರುತು ಚಿಪ್ಪಿನಲ್ಲಿಯೂ ಉಳಿಯುತ್ತದೆ. ಅದನ್ನು ಮುಂದೆ 'ದ್ವಿರೂಪತೆ' ಎಂಬ ಭಾಗದಲ್ಲಿ ವಿವರಿಸಲಾಗಿದೆ.

## ಚಿಪ್ಪಿನ ಲಕ್ಷಣಗಳು

### ಭಿತ್ತಿಯ ಬಗೆಗಳು

ಮೇಲ್ಮಟ್ಟದ ವರ್ಗೀಕರಣದಲ್ಲಿ ಭಿತ್ತಿಯ ವಸ್ತು ಮತ್ತು ರಚನೆಗೆ ಮೊದಲ ಸ್ಥಾನವಿದೆ. ಮುಖ್ಯ ಬಗೆಗಳು ಇವು:

* ಜೈವಿಕ ಭಿತ್ತಿ: ಪ್ರೋಟೀನು ಮತ್ತು ಶರ್ಕರಗಳಿಂದಾದ ತೆಳುವಾದ ಪೊರೆ. ಇದು ಮೃದುವಾಗಿರುವುದರಿಂದ ಪಳೆಯುಳಿಕೆಯಾಗಿ ಉಳಿಯುವುದು ವಿರಳ.
* ಕಣಜೋಡಿತ ಭಿತ್ತಿ: ಸುತ್ತಲಿನ ಮರಳಿನ ಕಣ, ಅಭ್ರಕದ ಚೂರು, ಸ್ಪಂಜಿನ ಮುಳ್ಳು, ಇತರ ಚಿಪ್ಪುಗಳ ತುಣುಕು ಮೊದಲಾದವನ್ನು ಆಯ್ದು ಜೈವಿಕ ಅಥವಾ ಸುಣ್ಣದ ಅಂಟಿನಿಂದ ಜೋಡಿಸಿ ಕಟ್ಟಿದ ಭಿತ್ತಿ. ಕೆಲವು ಪ್ರಭೇದಗಳು ಸಿಕ್ಕ ಕಣಗಳನ್ನೆಲ್ಲ ಬಳಸಿದರೆ, ಇನ್ನು ಕೆಲವು ನಿರ್ದಿಷ್ಟ ಗಾತ್ರದ ಅಥವಾ ನಿರ್ದಿಷ್ಟ ಖನಿಜದ ಕಣಗಳನ್ನೇ ಆರಿಸಿಕೊಳ್ಳುತ್ತವೆ.
* ಪಿಂಗಾಣಿಸದೃಶ ಭಿತ್ತಿ: ಮೆಗ್ನೀಸಿಯಂ ಅಧಿಕವಾಗಿರುವ ಕ್ಯಾಲ್ಸೈಟಿನ ಸೂಕ್ಷ್ಮ ಸೂಜಿಗಳಿಂದಾದುದು. ಸೂಜಿಗಳು ದಿಕ್ಕುದೆಸೆಯಿಲ್ಲದೆ ಹೆಣೆದುಕೊಂಡಿರುವುದರಿಂದ ಬೆಳಕು ಚದುರಿ ಚಿಪ್ಪು ಹಾಲಿನಂತೆ ಬೆಳ್ಳಗೆ, ನುಣುಪಾಗಿ ಕಾಣುತ್ತದೆ. ಬೆಳೆದ ಚಿಪ್ಪಿನ ಭಿತ್ತಿಯಲ್ಲಿ ಸಾಮಾನ್ಯವಾಗಿ ಸೂಕ್ಷ್ಮರಂಧ್ರಗಳಿರುವುದಿಲ್ಲ.
* ಗಾಜುಸದೃಶ ಭಿತ್ತಿ: ಪದರಪದರವಾಗಿ ಬೆಳೆದ ಕ್ಯಾಲ್ಸೈಟಿನಿಂದಾದ, ಸೂಕ್ಷ್ಮರಂಧ್ರಗಳುಳ್ಳ ಭಿತ್ತಿ. ತಾಜಾ ಚಿಪ್ಪು ಗಾಜಿನಂತೆ ಪಾರಕವಾಗಿರುತ್ತದೆ. ಹೊಸ ಕೋಣೆ ಕಟ್ಟುವಾಗಲೆಲ್ಲ ಹಳೆಯ ಕೋಣೆಗಳ ಮೇಲೂ ಒಂದು ತೆಳು ಪದರ ಸೇರುವುದು ಇವುಗಳಲ್ಲಿ ಹಲವಕ್ಕೆ ವಿಶಿಷ್ಟವಾದುದು.
* ಅರಾಗೊನೈಟ್ ಭಿತ್ತಿ: ಕ್ಯಾಲ್ಸಿಯಂ ಕಾರ್ಬೊನೇಟಿನ ಇನ್ನೊಂದು ಸ್ಫಟಿಕರೂಪವಾದ ಅರಾಗೊನೈಟಿನಿಂದಾದುದು. ರೊಬರ್ಟಿನಿಡಾ ಗಣ ಇದಕ್ಕೆ ಉದಾಹರಣೆ.
* ಸೂಕ್ಷ್ಮಕಣೀಯ ಭಿತ್ತಿ: ಒತ್ತಾಗಿ ಸೇರಿದ ಕ್ಯಾಲ್ಸೈಟ್ ಕಣಗಳಿಂದಾದುದು. ಪೇಲಿಯೊಜೋಯಿಕ್ ಯುಗದ ಫ್ಯೂಸುಲಿನಿಡಾಗಳಲ್ಲಿ ಕಾಣುತ್ತದೆ.

### ಕೋಣೆಗಳ ಜೋಡಣೆ

ಎಲ್ಲಕ್ಕಿಂತ ಮೊದಲು ಹುಟ್ಟುವ ಕೋಣೆಯನ್ನು ಆದಿಕೋಣೆ ಎನ್ನುತ್ತಾರೆ. ಜೀವಿ ಬೆಳೆದಂತೆ ಇದಕ್ಕೆ ಹೊಸ ಕೋಣೆಗಳು ಸೇರುತ್ತ ಹೋಗುತ್ತವೆ. ಎರಡು ಕೋಣೆಗಳ ಭಿತ್ತಿಗಳು ಕೂಡುವ ಗೆರೆಯನ್ನು ಸಂಧಿರೇಖೆ ಎನ್ನುತ್ತಾರೆ. ಜೋಡಣೆಯ ಸಾಮಾನ್ಯ ಕ್ರಮಗಳು:

* ಏಕಕೋಣೆ: ಇಡೀ ಚಿಪ್ಪು ಒಂದೇ ಕೋಣೆ. ಹೂಜಿಯಾಕಾರದ ಲಜೀನಾ ಇದರ ಸುಂದರ ಉದಾಹರಣೆ.
* ಏಕಸಾಲು: ಕೋಣೆಗಳು ಮಣಿಗಳನ್ನು ಪೋಣಿಸಿದಂತೆ ಒಂದೇ ಸಾಲಿನಲ್ಲಿರುತ್ತವೆ. ಉದಾಹರಣೆ: ನೊಡೊಸೇರಿಯಾ.
* ದ್ವಿಸಾಲು: ಎಡಕ್ಕೊಂದು ಬಲಕ್ಕೊಂದರಂತೆ, ಜಡೆ ಹೆಣೆದಂತೆ ಎರಡು ಸಾಲು. ಉದಾಹರಣೆ: ಬೊಲಿವಿನಾ, ಟೆಕ್ಸ್ಟುಲೇರಿಯಾ.
* ತ್ರಿಸಾಲು: ಪ್ರತಿ ಸುತ್ತಿಗೆ ಮೂರು ಕೋಣೆಗಳಂತೆ ಎತ್ತರಕ್ಕೆ ಬೆಳೆಯುವ ಜೋಡಣೆ. ಉದಾಹರಣೆ: ಬುಲಿಮಿನಾ, ಯುವಿಜೆರಿನಾ.
* ಸಮತಲ ಸುರುಳಿ: ಎಲ್ಲ ಸುತ್ತುಗಳೂ ಒಂದೇ ಸಮತಲದಲ್ಲಿದ್ದು ಚಿಪ್ಪಿನ ಎರಡು ಬದಿಗಳೂ ಒಂದೇ ರೀತಿ ಕಾಣುತ್ತವೆ. ಉದಾಹರಣೆ: ಎಲ್ಫಿಡಿಯಂ, ನುಮ್ಮುಲೈಟಿಸ್.
* ಶಂಕುಸುರುಳಿ: ಸುತ್ತುಗಳು ಬಸವನಹುಳುವಿನ ಚಿಪ್ಪಿನಂತೆ ಮೇಲೇರುತ್ತವೆ. ಒಂದು ಬದಿಯಲ್ಲಿ ಎಲ್ಲ ಸುತ್ತುಗಳೂ, ಇನ್ನೊಂದು ಬದಿಯಲ್ಲಿ ಕೊನೆಯ ಸುತ್ತು ಮಾತ್ರವೂ ಕಾಣುತ್ತದೆ. ಈ ಎರಡನೆಯ ಬದಿಯ ನಡುವಿನ ತಗ್ಗನ್ನು ನಾಭಿ ಎನ್ನುತ್ತಾರೆ. ಉದಾಹರಣೆ: ಅಮೋನಿಯಾ.
* ಮಿಲಿಯೊಲಿಡ್ ಕ್ರಮ: ಪ್ರತಿ ಕೋಣೆಯೂ ಅರ್ಧ ಸುತ್ತಿನಷ್ಟು ಉದ್ದವಿದ್ದು, ಉದ್ದನೆಯ ಅಕ್ಷದ ಸುತ್ತ ನಿಗದಿತ ಕೋನದಲ್ಲಿ ಸೇರುತ್ತದೆ. ಒಂದರ ನಂತರ ಒಂದು 144 ಡಿಗ್ರಿ ಅಂತರದಲ್ಲಿ ಸೇರಿದರೆ ಹೊರಗೆ ಐದು ಕೋಣೆಗಳು ಕಾಣುತ್ತವೆ (ಕ್ವಿಂಕ್ವೆಲೊಕ್ಯುಲಿನಾ); 120 ಡಿಗ್ರಿಯಾದರೆ ಮೂರು (ಟ್ರೈಲೊಕ್ಯುಲಿನಾ); 180 ಡಿಗ್ರಿಯಾದರೆ ಎರಡು (ಪೈರ್ಗೊ).

ಕೆಲವು ಚಿಪ್ಪುಗಳು ಬೆಳೆಯುತ್ತ ಜೋಡಣೆಯ ಕ್ರಮವನ್ನೇ ಬದಲಿಸುತ್ತವೆ. ಅಮೊಬಾಕ್ಯುಲೈಟಿಸ್ ಮೊದಲು ಸುರುಳಿಯಾಗಿದ್ದು ಬಳಿಕ ನೇರವಾದ ಏಕಸಾಲಾಗುತ್ತದೆ. ಆದ್ದರಿಂದ ಮುರಿದ ಚಿಪ್ಪಿನ ತುದಿಯನ್ನು ಮಾತ್ರ ನೋಡಿ ಕುಲವನ್ನು ನಿರ್ಧರಿಸುವುದು ಸರಿಯಾಗದು.

### ದ್ವಾರ ಮತ್ತು ಮೇಲ್ಮೈ

ಕೊನೆಯ ಕೋಣೆಯಲ್ಲಿರುವ ಮುಖ್ಯ ತೆರಪೇ ದ್ವಾರ. ಅದು ಚಿಪ್ಪಿನ ತುದಿಯಲ್ಲಿರಬಹುದು ಅಥವಾ ಕೊನೆಯ ಕೋಣೆಯ ಬುಡದಲ್ಲಿರಬಹುದು. ಆಕಾರದಲ್ಲಿ ದುಂಡಗೆ, ಸೀಳಿನಂತೆ, ನಕ್ಷತ್ರದಂತೆ ಅಥವಾ ಜರಡಿಯಂತೆ ಹಲವು ತೂತುಗಳಾಗಿ ಇರಬಹುದು. ಕ್ವಿಂಕ್ವೆಲೊಕ್ಯುಲಿನಾದ ದ್ವಾರದೊಳಗೆ 'ಹಲ್ಲು' ಎಂದು ಕರೆಯುವ ಚಾಚು ಇರುತ್ತದೆ. ಯುವಿಜೆರಿನಾದ ದ್ವಾರ ಗಿಡ್ಡ ಕತ್ತಿನ ತುದಿಯಲ್ಲಿರುತ್ತದೆ.

ದ್ವಾರಕ್ಕೂ ಭಿತ್ತಿಯ ಸೂಕ್ಷ್ಮರಂಧ್ರಗಳಿಗೂ ವ್ಯತ್ಯಾಸವಿದೆ. ದ್ವಾರದಿಂದ ಕೋಶರಸ ಹೊರಬರುತ್ತದೆ. ಸೂಕ್ಷ್ಮರಂಧ್ರಗಳು ಮುಖ್ಯವಾಗಿ ಅನಿಲ ವಿನಿಮಯಕ್ಕೆ ನೆರವಾಗುತ್ತವೆ. ಏಣು, ಗುಬುಟು, ಮುಳ್ಳು, ಅಂಚಿನ ಏರು ಮುಂತಾದ ಅಲಂಕರಣಗಳು ಪ್ರಭೇದಗಳನ್ನು ಬೇರ್ಪಡಿಸಲು ನೆರವಾಗುತ್ತವೆ. ಆದರೆ ಇವು ಪರಿಸರಕ್ಕೆ ತಕ್ಕಂತೆ ಬದಲಾಗಬಲ್ಲವು. ಹೀಗಾಗಿ ಇವುಗಳಿಗೆ ವರ್ಗೀಕರಣದಲ್ಲಿ ಭಿತ್ತಿ ಮತ್ತು ಜೋಡಣೆಗಳಿಗಿಂತ ಕೆಳಗಿನ ಸ್ಥಾನವಿದೆ.

### ದ್ವಿರೂಪತೆ

ಒಂದೇ ಪ್ರಭೇದದಲ್ಲಿ ಎರಡು ಬಗೆಯ ಚಿಪ್ಪುಗಳು ಇರುವುದನ್ನು ದ್ವಿರೂಪತೆ ಎನ್ನುತ್ತಾರೆ. ಅಲೈಂಗಿಕವಾಗಿ ಹುಟ್ಟಿದ ಜೀವಿಯ ಆದಿಕೋಣೆ ದೊಡ್ಡದಾಗಿದ್ದು ಇಡೀ ಚಿಪ್ಪು ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ. ಲೈಂಗಿಕವಾಗಿ ಹುಟ್ಟಿದ ಜೀವಿಯಲ್ಲಿ ಆದಿಕೋಣೆ ಚಿಕ್ಕದು, ಚಿಪ್ಪು ದೊಡ್ಡದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಅರಿವಿಲ್ಲದೆ ನುಮ್ಮುಲೈಟಿಸ್‌ನ ಒಂದೇ ಪ್ರಭೇದದ ಎರಡು ರೂಪಗಳಿಗೆ ಎರಡು ಪ್ರಭೇದನಾಮಗಳನ್ನು ಇಟ್ಟಿದ್ದುಂಟು. ಆದಿಕೋಣೆಯ ಗಾತ್ರ ಮತ್ತು ಎರಡು ರೂಪಗಳ ಪ್ರಮಾಣ ಪರಿಸರದೊಂದಿಗೆ ಬದಲಾಗುವುದರಿಂದ ಪ್ರಾಚೀನ ಹವಾಮಾನದ ಅಧ್ಯಯನದಲ್ಲಿಯೂ ದ್ವಿರೂಪತೆಗೆ ಮಹತ್ವವಿದೆ.

## ವರ್ಗೀಕರಣ

### ಚಿಪ್ಪನ್ನು ಆಧರಿಸಿದ ಗಣಗಳು

ಹಿಂದೆ ಫೊರಾಮಿನಿಫೆರಾವನ್ನು ಒಂದು ಗಣವೆಂದು ಎಣಿಸಲಾಗುತ್ತಿತ್ತು. ಈಗ ಅದಕ್ಕೆ ವರ್ಗ ಅಥವಾ ಅದಕ್ಕಿಂತ ಮೇಲಿನ ಸ್ಥಾನವಿದ್ದು, ಹಿಂದಿನ ಉಪಗಣಗಳನ್ನು ಗಣಗಳೆಂದು ಪರಿಗಣಿಸಲಾಗುತ್ತದೆ. ತಳವಾಸಿಗಳ ಮುಖ್ಯ ಗಣಗಳು ಹೀಗಿವೆ:

* ಅಲೊಗ್ರೊಮಿಡಾ: ಜೈವಿಕ ಭಿತ್ತಿ, ಸಾಮಾನ್ಯವಾಗಿ ಒಂದೇ ಕೋಣೆ.
* ಆಸ್ಟ್ರೊರೈಝಿಡಾ: ಕಣಜೋಡಿತ ಭಿತ್ತಿ, ಕೊಳವೆ ಅಥವಾ ಕವಲಿನಾಕಾರ.
* ಲಿಟುಯೊಲಿಡಾ, ಟ್ರೊಕಾಮಿನಿಡಾ, ಟೆಕ್ಸ್ಟುಲರಿಡಾ: ಕಣಜೋಡಿತ ಭಿತ್ತಿ, ಹಲವು ಕೋಣೆಗಳು.
* ಮಿಲಿಯೊಲಿಡಾ: ಪಿಂಗಾಣಿಸದೃಶ ಭಿತ್ತಿ.
* ಲಜೆನಿಡಾ: ಗಾಜುಸದೃಶ ಭಿತ್ತಿ, ನಕ್ಷತ್ರದಂತಹ ದ್ವಾರ ಹಲವು ಕುಲಗಳ ಲಕ್ಷಣ.
* ಬುಲಿಮಿನಿಡಾ: ಗಾಜುಸದೃಶ ಭಿತ್ತಿ, ಎತ್ತರಕ್ಕೆ ಬೆಳೆಯುವ ದ್ವಿಸಾಲು ಅಥವಾ ತ್ರಿಸಾಲು ಚಿಪ್ಪು.
* ರೊಟಾಲಿಡಾ: ಗಾಜುಸದೃಶ ಭಿತ್ತಿ, ಹೆಚ್ಚಾಗಿ ಸುರುಳಿ ಚಿಪ್ಪು. ಅಮೋನಿಯಾ, ಎಲ್ಫಿಡಿಯಂ, ನುಮ್ಮುಲೈಟಿಸ್ ಇದರಲ್ಲಿವೆ.
* ಫ್ಯೂಸುಲಿನಿಡಾ: ಸೂಕ್ಷ್ಮಕಣೀಯ ಭಿತ್ತಿ. ಸುಮಾರು 25 ಕೋಟಿ ವರ್ಷಗಳ ಹಿಂದೆ ಪರ್ಮಿಯನ್ ಅವಧಿಯ ಅಂತ್ಯದ ಮಹಾವಿನಾಶದ ವೇಳೆಗೆ ಇದರ ದೊಡ್ಡ ಚಿಪ್ಪಿನ ಕುಲಗಳು ಅಳಿದವು.

### ವಂಶವಾಹಿ ಅಧ್ಯಯನದಿಂದಾದ ಬದಲಾವಣೆ

1990ರ ದಶಕದಿಂದ ಡಿಎನ್‌ಎ ವಿಶ್ಲೇಷಣೆ ಈ ವ್ಯವಸ್ಥೆಯನ್ನು ಪರೀಕ್ಷೆಗೆ ಒಡ್ಡಿತು. ಸಿಹಿನೀರಿನಲ್ಲಿ ಬದುಕುವ, ಚಿಪ್ಪೇ ಇಲ್ಲದ ರೆಟಿಕ್ಯುಲೊಮಿಕ್ಸಾ ಎಂಬ ಜೀವಿಯೂ ಫೊರಾಮಿನಿಫೆರಾ ಎಂಬುದು 1999ರಲ್ಲಿ ತಿಳಿದುಬಂತು. ಮಿಲಿಯಾಮಿನಾ ಎಂಬ ಕುಲದ ಪ್ರಕರಣ ಇನ್ನಷ್ಟು ಬೋಧಪ್ರದ. ಅದರ ಭಿತ್ತಿ ಕಣಜೋಡಿತವಾದುದರಿಂದ ಅದನ್ನು ಕಣಜೋಡಿತ ಗಣಗಳಲ್ಲಿ ಇರಿಸಲಾಗಿತ್ತು. ಆದರೆ ಅದರ ಕೋಣೆಗಳ ಜೋಡಣೆ ಕ್ವಿಂಕ್ವೆಲೊಕ್ಯುಲಿನಾದಂತೆಯೇ ಇದೆ. 2006ರ ವಂಶವಾಹಿ ಅಧ್ಯಯನವು ಅದನ್ನು ಮಿಲಿಯೊಲಿಡ್ ಬಳಗಕ್ಕೇ ಸೇರಿಸಿತು. ಇಲ್ಲಿ ಭಿತ್ತಿಗಿಂತ ಜೋಡಣೆಯೇ ನಿಜವಾದ ನಂಟನ್ನು ಉಳಿಸಿಕೊಂಡಿತ್ತು.

ಇಂತಹ ಫಲಿತಾಂಶಗಳನ್ನು ಒಗ್ಗೂಡಿಸಿ ಯಾನ್ ಪಾವ್ಲೊವ್ಸ್ಕಿ, ಮಾರಿಯಾ ಹೋಲ್ಜ್‌ಮನ್ ಮತ್ತು ಯಾರೊಸ್ಲಾವ್ ತಿಶ್ಕಾ 2013ರಲ್ಲಿ ಹೊಸ ವ್ಯವಸ್ಥೆಯನ್ನು ಮುಂದಿಟ್ಟರು. ಇದರಲ್ಲಿ ಬಹುಕೋಣೆಯ ಫೊರಾಮಿನಿಫೆರಾಗಳಿಗೆ ಎರಡು ವರ್ಗಗಳಿವೆ. ಆದಿಕೋಣೆಯ ಬಳಿಕ ಕೊಳವೆಯಂತಹ ಕೋಣೆಗಳನ್ನು ಕಟ್ಟುವವು ಟ್ಯೂಬೊಥಲಮಿಯಾ (ಮಿಲಿಯೊಲಿಡಾ ಇದರಲ್ಲಿದೆ). ಆರಂಭದ ಕೋಣೆಗಳನ್ನು ಗುಂಡಗೆ ಕಟ್ಟುವವು ಗ್ಲೋಬೊಥಲಮಿಯಾ (ಟೆಕ್ಸ್ಟುಲರಿಡಾ, ರೊಟಾಲಿಡಾ ಇದರಲ್ಲಿವೆ). ಒಂದೇ ಕೋಣೆಯವುಗಳನ್ನು ಮೊನೊಥಲಮಿಡ್ ಎಂಬ ಅನೌಪಚಾರಿಕ ಗುಂಪಿನಲ್ಲಿ ಇರಿಸಲಾಗಿದೆ. ಹೀಗೆ ಭಿತ್ತಿಯ ವಸ್ತುವಿಗಿದ್ದ ಅಗ್ರಸ್ಥಾನ ಕೋಣೆಯ ಆಕಾರಕ್ಕೆ ಸಂದಿತು. ಆದರೆ ಪಳೆಯುಳಿಕೆಗಳಲ್ಲಿ ಸಾಮಾನ್ಯವಾಗಿ ಡಿಎನ್‌ಎ ಉಳಿಯುವುದಿಲ್ಲ. ಅವುಗಳ ವಿಷಯದಲ್ಲಿ ಚಿಪ್ಪೇ ಇಂದಿಗೂ ಆಧಾರ.

## ವಾಸಸ್ಥಾನ ಮತ್ತು ಚಿಪ್ಪಿನ ಸಂಬಂಧ

ಭಿತ್ತಿಯ ಬಗೆಗೂ ಪರಿಸರಕ್ಕೂ ನಿಕಟ ಸಂಬಂಧವಿದೆ. ಉಪ್ಪಿನಂಶ ಏರಿಳಿಯುವ ಅಳಿವೆ ಮತ್ತು ಕಾಂಡ್ಲಾ ಕೆಸರುಗಳಲ್ಲಿ ಕಣಜೋಡಿತ ಚಿಪ್ಪುಗಳೂ ಅಮೋನಿಯಾದಂತಹ ಸಹಿಷ್ಣು ಕುಲಗಳೂ ಹೆಚ್ಚು. ಬೆಚ್ಚನೆಯ, ಉಪ್ಪು ಅಧಿಕವಾದ ತಿಳಿನೀರಿನಲ್ಲಿ ಪಿಂಗಾಣಿಸದೃಶ ಚಿಪ್ಪುಗಳು ಹೆಚ್ಚುತ್ತವೆ. ಸಾಮಾನ್ಯ ಕಡಲತಳದಲ್ಲಿ ಗಾಜುಸದೃಶ ಚಿಪ್ಪುಗಳದೇ ಮೇಲುಗೈ. ಈ ಮೂರು ಬಗೆಗಳ ಶೇಕಡಾ ಪ್ರಮಾಣವನ್ನು ತ್ರಿಕೋನ ನಕ್ಷೆಯಲ್ಲಿ ಗುರುತಿಸಿ ಪರಿಸರವನ್ನು ಊಹಿಸುವ ವಿಧಾನವನ್ನು ಜಾನ್ ಮರ್ರೆ 1973ರಲ್ಲಿ ಜನಪ್ರಿಯಗೊಳಿಸಿದರು.

ಅತಿ ಆಳದ ತಣ್ಣೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವುದರಿಂದ ಅಲ್ಲಿ ಸುಣ್ಣದ ಚಿಪ್ಪುಗಳು ಉಳಿಯುವುದಿಲ್ಲ. ಕಣಜೋಡಿತ ಮತ್ತು ಜೈವಿಕ ಭಿತ್ತಿಯವು ಮಾತ್ರ ಇರುತ್ತವೆ. ಪೆಸಿಫಿಕ್ ಸಾಗರದ ಚಾಲೆಂಜರ್ ಡೀಪ್‌ನ 10,896 ಮೀಟರ್ ಆಳದಿಂದ ತಂದ ಕೆಸರಿನಲ್ಲಿ ಮೃದುಭಿತ್ತಿಯ ಫೊರಾಮಿನಿಫೆರಾಗಳು ಜೀವಂತವಾಗಿದ್ದುದನ್ನು 2005ರಲ್ಲಿ ವರದಿಮಾಡಲಾಯಿತು.

ಅರಬ್ಬೀ ಸಮುದ್ರದ ಮಧ್ಯಮ ಆಳದಲ್ಲಿ ಆಮ್ಲಜನಕ ಅತ್ಯಲ್ಪವಾಗಿರುವ ದಪ್ಪನೆಯ ನೀರಿನ ಪದರವಿದೆ. ಅದು ತಳವನ್ನು ಮುಟ್ಟುವ ಕಡೆಗಳಲ್ಲಿ ಬೊಲಿವಿನಾ, ಯುವಿಜೆರಿನಾಗಳಂತಹ ಉದ್ದನೆಯ ಚಿಪ್ಪಿನ ಕುಲಗಳು ಹೇರಳ. ಕೆಲವು ತಳವಾಸಿಗಳು ಆಮ್ಲಜನಕದ ಬದಲಿಗೆ ನೈಟ್ರೇಟನ್ನು ಬಳಸಿ ಉಸಿರಾಡಬಲ್ಲವೆಂದು 2006ರಲ್ಲಿ ತಿಳಿದುಬಂತು.

## ಕರ್ನಾಟಕದಲ್ಲಿ

### ಕರಾವಳಿ ಮತ್ತು ಮುಂಗಾರಿನ ದಾಖಲೆ

ಕರ್ನಾಟಕದ ಕರಾವಳಿಯಲ್ಲಿ ಕಾಳಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಪಶ್ಚಿಮ ಘಟ್ಟದ ಮಳೆನೀರನ್ನು ಅರಬ್ಬೀ ಸಮುದ್ರಕ್ಕೆ ತರುತ್ತವೆ. ಮುಂಗಾರಿನಲ್ಲಿ ಅಳಿವೆಯ ಎದುರಿನ ನೀರು ಸಿಹಿಯಾಗಿ, ಬೇಸಿಗೆಯಲ್ಲಿ ಮತ್ತೆ ಉಪ್ಪಾಗುತ್ತದೆ. ಈ ಏರಿಳಿತವನ್ನು ತಡೆದುಕೊಳ್ಳುವ ಅಮೋನಿಯಾ, ಎಲ್ಫಿಡಿಯಂ, ನಾನಿಯಾನ್, ಕ್ವಿಂಕ್ವೆಲೊಕ್ಯುಲಿನಾ ಮುಂತಾದ ಕುಲಗಳು ಪಶ್ಚಿಮ ಕರಾವಳಿಯ ಮರಳು ಮತ್ತು ಕೆಸರುಗಳಲ್ಲಿ ಸಾಮಾನ್ಯ.

1966ರಲ್ಲಿ ಸ್ಥಾಪನೆಯಾದ, ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಸಹೋದ್ಯೋಗಿಗಳು 1980ರ ದಶಕದಿಂದ ಕಾರವಾರದ ಎದುರಿನ ಕಡಲತಳವನ್ನು ಅಧ್ಯಯನ ಮಾಡಿದರು. ಅಲ್ಲಿ ಕಾಳಿ ನದಿಯ ನೀರು ಸಮುದ್ರ ಸೇರುತ್ತದೆ. ಶಂಕುಸುರುಳಿ ಚಿಪ್ಪಿನ ರೊಟಾಲಿಡಿಯಂ ಅನೆಕ್ಟೆನ್ಸ್ ಎಂಬ ಪ್ರಭೇದದ ಆದಿಕೋಣೆಯ ಸರಾಸರಿ ಗಾತ್ರಕ್ಕೂ ನೀರಿನ ಉಪ್ಪಿನಂಶ ಮತ್ತು ತಾಪಮಾನಕ್ಕೂ ಸಂಬಂಧವಿರುವುದನ್ನು ಅವರು ಗಮನಿಸಿದರು. ಮಳೆ ಹೆಚ್ಚಾದರೆ ನದಿಯ ಸಿಹಿನೀರು ಹೆಚ್ಚುತ್ತದೆ, ಕಡಲಿನ ಉಪ್ಪಿನಂಶ ತಗ್ಗುತ್ತದೆ. ಆ ಬದಲಾವಣೆಯ ಗುರುತು ಚಿಪ್ಪಿನಲ್ಲಿ ಉಳಿಯುತ್ತದೆ ಎಂಬುದು ಈ ವಿಧಾನದ ತರ್ಕ. ಕೆಸರಿನ ಪದರಗಳನ್ನು ಕೊಳವೆಯಿಂದ ಹೊರತೆಗೆದು, ಪದರಕ್ಕೊಂದರಂತೆ ಚಿಪ್ಪುಗಳನ್ನು ಅಳೆದು, 1995ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಭಾರತದ ಬರಗಳಿಗೆ ಸುಮಾರು 77 ವರ್ಷಗಳ ಆವರ್ತನೆ ಇರುವ ಸೂಚನೆಯನ್ನು ಅವರು ಮಂಡಿಸಿದರು.

ಭಾರತೀಯ ಹವಾಮಾನ ಇಲಾಖೆ ಆರಂಭವಾದದ್ದು 1875ರಲ್ಲಿ. ಅದಕ್ಕಿಂತ ಹಿಂದಿನ ಮಳೆಯ ವ್ಯವಸ್ಥಿತ ಅಳತೆಗಳು ಕಡಿಮೆ. ಆದುದರಿಂದ ಹಳೆಯ ಮಳೆಗಾಲಗಳನ್ನು ಅರಿಯಲು ಇಂತಹ ಪರೋಕ್ಷ ದಾಖಲೆಗಳು ಬೇಕಾಗುತ್ತವೆ. ಚಿಪ್ಪು ಮಳೆಮಾಪಕವಲ್ಲ, ಆಹಾರ, ಆಮ್ಲಜನಕ, ಕೆಸರಿನ ಸ್ವರೂಪಗಳೂ ಅದರ ಮೇಲೆ ಪ್ರಭಾವ ಬೀರುತ್ತವೆ. ಹೀಗಾಗಿ ಒಂದು ಲಕ್ಷಣದಿಂದ ಬಂದ ಫಲಿತಾಂಶವನ್ನು ಇತರ ಸಾಕ್ಷ್ಯಗಳೊಂದಿಗೆ ಹೋಲಿಸಿ ನೋಡುವುದು ವಾಡಿಕೆ.

### ರಾಯಚೂರು ಪ್ರದೇಶ

ರಾಯಚೂರು, ದೇವದುರ್ಗ ಮತ್ತು ಮಾನ್ವಿಗಳ ನೆಲದಡಿಯ ಬಂಡೆಗಳಲ್ಲಿ ಫೊರಾಮಿನಿಫೆರಾಗಳು ದೊರೆಯುವುದಿಲ್ಲ. ಈ ಪ್ರದೇಶವು ಧಾರವಾಡ ಶಿಲಾಪೀಠದ ಪೂರ್ವಭಾಗದಲ್ಲಿದ್ದು, ಇಲ್ಲಿನ ಗ್ರಾನೈಟ್ ಮತ್ತು ನೈಸ್ ಬಂಡೆಗಳು ಬಹುಮಟ್ಟಿಗೆ 250 ಕೋಟಿ ವರ್ಷಗಳಿಗಿಂತ ಹಳೆಯವು. ಫೊರಾಮಿನಿಫೆರಾಗಳ ಅತ್ಯಂತ ಹಳೆಯ ಖಚಿತ ಪಳೆಯುಳಿಕೆಗಳು ಸುಮಾರು 54 ಕೋಟಿ ವರ್ಷಗಳ ಹಿಂದೆ ಆರಂಭವಾದ ಕೇಂಬ್ರಿಯನ್ ಅವಧಿಯವು. ಉತ್ತರಕ್ಕಿರುವ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಈ ಭಾಗದ ಮನೆಗಳ ನೆಲಹಾಸಿಗೆ ಹೆಸರಾದುದು. ಅದು ಸುಣ್ಣಕಲ್ಲೇ ಆದರೂ ಚಿಪ್ಪುಕಟ್ಟುವ ಜೀವಿಗಳು ಹರಡುವುದಕ್ಕೆ ಮೊದಲಿನ ಕಾಲದ್ದಾದ್ದರಿಂದ ಅದರಲ್ಲಿಯೂ ಇವು ಸಿಗುವುದಿಲ್ಲ. ಸುಣ್ಣಕಲ್ಲೆಲ್ಲವೂ ಚಿಪ್ಪುಗಳಿಂದಲೇ ಆದುದೆಂಬ ಭಾವನೆ ಸರಿಯಲ್ಲ ಎಂಬುದಕ್ಕೆ ಇದು ನಿದರ್ಶನ. ಭಾರತದಲ್ಲಿ ಬರಿಗಣ್ಣಿಗೆ ಕಾಣುವ ನುಮ್ಮುಲೈಟಿಸ್ ಪಳೆಯುಳಿಕೆಗಳಿಗೆ ಗುಜರಾತಿನ ಕಚ್ಛ್ ಪ್ರಸಿದ್ಧವಾಗಿದೆ.

ಆದರೂ ಕಡಲತಳದ ಈ ದಾಖಲೆಗೂ ರಾಯಚೂರು ಸೀಮೆಗೂ ಸಂಬಂಧವಿದೆ. ಜಿಲ್ಲೆಯ ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ ಹರಿಯುತ್ತವೆ. ಮಾನ್ವಿ ತಾಲ್ಲೂಕಿನ ಹೊಲಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ, ದೇವದುರ್ಗ ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆಯಿಂದ ನೀರು ಬರುತ್ತದೆ. ಎರಡೂ ನದಿಗಳು ಹುಟ್ಟುವುದು ಕಾಳಿ ನದಿಯಂತೆಯೇ ಪಶ್ಚಿಮ ಘಟ್ಟದಲ್ಲಿ. ಘಟ್ಟದಲ್ಲಿ ಮುಂಗಾರು ಸೋತ ವರ್ಷ ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪುವುದು ಕಷ್ಟ. ಆ ಮುಂಗಾರು ಹಿಂದಿನ ಶತಮಾನಗಳಲ್ಲಿ ಎಷ್ಟು ಕಾಲಕ್ಕೊಮ್ಮೆ, ಎಷ್ಟು ತೀವ್ರವಾಗಿ ಸೋತಿತ್ತು ಎಂಬುದರ ಅಂದಾಜಿಗೆ ಕಾರವಾರದ ಚಿಪ್ಪುಗಳೂ ಒಂದು ಆಧಾರ.

## ಉಪಯೋಗಗಳು

* ಶಿಲಾಪದರಗಳ ಕಾಲನಿರ್ಣಯ: ಹಲವು ಪ್ರಭೇದಗಳು ನಿರ್ದಿಷ್ಟ ಅವಧಿಯಲ್ಲಿ ಮಾತ್ರ ಬದುಕಿದ್ದವು. ತೈಲಬಾವಿ ಕೊರೆಯುವಾಗ ಮೇಲೆ ಬರುವ ಚೂರುಗಳಲ್ಲಿಯೂ ಈ ಸಣ್ಣ ಚಿಪ್ಪುಗಳು ಮುರಿಯದೆ ಉಳಿಯುವುದರಿಂದ ಕೃಷ್ಣಾ-ಗೋದಾವರಿ ಜಲಾನಯನದಂತಹ ಕಡೆ ಪದರಗಳ ಕಾಲ ಮತ್ತು ಅಂದಿನ ಆಳವನ್ನು ತಿಳಿಯಲು ಬಳಸುತ್ತಾರೆ.
* ಪ್ರಾಚೀನ ಹವಾಮಾನ: ಚಿಪ್ಪಿನಲ್ಲಿರುವ ಆಮ್ಲಜನಕದ ಸಮಸ್ಥಾನಿಗಳ ಅನುಪಾತವು ಅಂದಿನ ನೀರಿನ ತಾಪಮಾನ ಮತ್ತು ಭೂಮಿಯ ಮೇಲಿನ ಹಿಮದ ಪ್ರಮಾಣವನ್ನು ಸೂಚಿಸುತ್ತದೆ. ಜಗತ್ತಿನ 57 ಕಡೆಗಳ ತಳವಾಸಿ ಚಿಪ್ಪುಗಳ ದತ್ತಾಂಶವನ್ನು ಒಟ್ಟುಗೂಡಿಸಿ ಲಿಸಿಯೆಕಿ ಮತ್ತು ರೇಮೊ 2005ರಲ್ಲಿ ಕಳೆದ 53 ಲಕ್ಷ ವರ್ಷಗಳ ರೇಖಾಚಿತ್ರವನ್ನು ಸಿದ್ಧಪಡಿಸಿದರು.
* ಮಾಲಿನ್ಯದ ಸೂಚಕ: ಬಂದರು ಮತ್ತು ಕೈಗಾರಿಕೆಗಳ ಸಮೀಪ ಪ್ರಭೇದಗಳ ಸಂಖ್ಯೆ ತಗ್ಗುವುದು, ವಿಕೃತ ಚಿಪ್ಪುಗಳು ಹೆಚ್ಚುವುದು ನೀರಿನ ಗುಣಮಟ್ಟದ ಸೂಚನೆಯಾಗಬಲ್ಲದು.

## ಸಂಗ್ರಹ ಮತ್ತು ಗುರುತಿಸುವಿಕೆ

ಕೆಸರಿನ ಮಾದರಿಯನ್ನು ಸಾಮಾನ್ಯವಾಗಿ 0.063 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದಡಿಯಲ್ಲಿ ಸಣ್ಣ ಕುಂಚದ ತುದಿಯಿಂದ ಚಿಪ್ಪುಗಳನ್ನು ಹೆಕ್ಕುತ್ತಾರೆ. ಸಂಗ್ರಹಿಸುವಾಗ ಜೀವಂತವಾಗಿದ್ದವನ್ನು ಖಾಲಿ ಚಿಪ್ಪುಗಳಿಂದ ಬೇರ್ಪಡಿಸಲು ರೋಸ್ ಬೆಂಗಾಲ್ ಎಂಬ ಬಣ್ಣವನ್ನು ಬಳಸುತ್ತಾರೆ. ಕೋಶರಸವಿದ್ದರೆ ಅದು ಗುಲಾಬಿ ಬಣ್ಣ ತಾಳುತ್ತದೆ. ಸತ್ತ ಹಲವು ವಾರಗಳವರೆಗೂ ಕೋಶರಸ ಬಣ್ಣ ಹೀರಬಲ್ಲುದರಿಂದ ಈ ಪರೀಕ್ಷೆ ಪೂರ್ಣ ನಿಖರವಲ್ಲ. ಗುರುತಿಸುವಾಗ ಮೊದಲು ಭಿತ್ತಿ, ಬಳಿಕ ಜೋಡಣೆ, ಆಮೇಲೆ ದ್ವಾರ, ಕೊನೆಗೆ ಅಲಂಕರಣ ಎಂಬ ಕ್ರಮವನ್ನು ಅನುಸರಿಸುವುದು ಅನುಕೂಲ. ಶಂಕುಸುರುಳಿ ಚಿಪ್ಪನ್ನು ಎರಡೂ ಬದಿಗಳಿಂದ ಮತ್ತು ಅಂಚಿನಿಂದ ನೋಡಬೇಕು.

## ಅಳಿವು ಮತ್ತು ಅಪಾಯಗಳು

ಸುಮಾರು 5.6 ಕೋಟಿ ವರ್ಷಗಳ ಹಿಂದೆ ಭೂಮಿಯ ತಾಪಮಾನ ಹಠಾತ್ತನೆ ಏರಿದಾಗ ಆಳಸಮುದ್ರದ ತಳವಾಸಿ ಫೊರಾಮಿನಿಫೆರಾಗಳಲ್ಲಿ ಶೇಕಡಾ 30ರಿಂದ 50ರಷ್ಟು ಪ್ರಭೇದಗಳು ನಶಿಸಿದವು. ಡೈನೋಸಾರ್‌ಗಳನ್ನು ಅಳಿಸಿದ 6.6 ಕೋಟಿ ವರ್ಷಗಳ ಹಿಂದಿನ ದುರಂತದಲ್ಲಿ ಇದೇ ಗುಂಪು ಹೆಚ್ಚಿನ ಹಾನಿಯಿಲ್ಲದೆ ಪಾರಾಗಿತ್ತು. ತಳದ ನೀರು ಬಿಸಿಯಾಗುವುದು, ಆಮ್ಲಜನಕ ಇಳಿಯುವುದು ಹಾಗೂ ಕಾರ್ಬೊನೇಟ್ ಕರಗುವುದು ಇವುಗಳಿಗೆ ಎಷ್ಟು ಮಾರಕವೆಂಬುದನ್ನು ಈ ಹೋಲಿಕೆ ತೋರಿಸುತ್ತದೆ.

ಇಂದು ವಾತಾವರಣದ ಕಾರ್ಬನ್ ಡೈಆಕ್ಸೈಡಿನ ಒಂದು ಭಾಗ ಸಮುದ್ರದಲ್ಲಿ ಕರಗಿ ನೀರಿನ ಆಮ್ಲೀಯತೆಯನ್ನು ಹೆಚ್ಚಿಸುತ್ತಿದೆ. ಮೆಗ್ನೀಸಿಯಂ ಅಧಿಕವಿರುವ ಕ್ಯಾಲ್ಸೈಟ್ ಬೇಗನೆ ಕರಗುವುದರಿಂದ ಪಿಂಗಾಣಿಸದೃಶ ಚಿಪ್ಪಿನವುಗಳಿಗೆ ಇದರ ಅಪಾಯ ಹೆಚ್ಚು. ಕರಾವಳಿಯಲ್ಲಿ ಹೂಳೆತ್ತುವಿಕೆ ಮತ್ತು ಬಂದರು ಕಾಮಗಾರಿಗಳಿಂದ ಕೆಸರಿನ ಪದರಗಳು ಕಲೆತುಹೋದರೆ ಅವುಗಳ ಕಾಲಾನುಕ್ರಮವೇ ಅಳಿಸಿಹೋಗುತ್ತದೆ. ಆಗ ಚಿಪ್ಪುಗಳು ಉಳಿದರೂ ಅವು ಯಾವ ಕಾಲದವೆಂದು ಹೇಳುವುದು ಸಾಧ್ಯವಾಗುವುದಿಲ್ಲ.